ದೇಶಭ್ರಷ್ಟರ ಹಾದಿಯಲ್ಲಿ ಇತಿಹಾಸದ ಪಾಠ: ಪಿರೆನೀಸ್ ಬೆಟ್ಟಗಳಲ್ಲಿ ವಿದ್ಯಾರ್ಥಿಗಳನ್ನು ನಡೆಸುವುದು ಹೇಗೆ?

ಯುರೋಪಿನಲ್ಲಿ ನೆಲೆಸಿರುವ ಕನ್ನಡ ಪಾಲಕರು ಮತ್ತು ನಮ್ಮ ಊರುಗಳಿಂದ ಅಲ್ಲಿಗೆ ಶೈಕ್ಷಣಿಕ ಪ್ರವಾಸ ಏರ್ಪಡಿಸುವ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಕಳೆದ ಶತಮಾನದಲ್ಲಿ ಜನರು ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ನಡೆದ ಹಾದಿಗಳಲ್ಲೇ ವಿದ್ಯಾರ್ಥಿಗಳನ್ನು ನಡೆಸಿ ಯುರೋಪಿನ ಇತಿಹಾಸವನ್ನು ಹೇಳಿಕೊಡಬಹುದೇ, ಹಾಗೆ ಮಾಡಲು ಏನೆಲ್ಲ ಬೇಕು ಎಂಬುದು ಆ ಪ್ರಶ್ನೆ. ಖಂಡಿತ ಹೇಳಿಕೊಡಬಹುದು. ಆದರೆ ಬೆಟ್ಟ ಹತ್ತಿಸಿದ ಮಾತ್ರಕ್ಕೆ ಇತಿಹಾಸ ತಲೆಗೆ ಹತ್ತುವುದಿಲ್ಲ. ಸಿದ್ಧತೆಯಿಲ್ಲದೆ ಹೊರಟ ಗುಂಪಿಗೆ ಕಾಲುನೋವು ಮತ್ತು ಒಂದಷ್ಟು ಫೋಟೋಗಳ ಹೊರತು ಬೇರೇನೂ ದಕ್ಕುವುದಿಲ್ಲ.

ಯುರೋಪಿನಲ್ಲಿ ಇಂತಹ ಹಾದಿಗಳು ಹಲವಿವೆ. 1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಧಾರ್ಮಿಕ ಸಹಿಷ್ಣುತೆಯ ಶಾಸನವನ್ನು ರದ್ದುಪಡಿಸಿದಾಗ ಹ್ಯೂಗೆನಾಟರು, ಅಂದರೆ ಫ್ರಾನ್ಸಿನ ಪ್ರಾಟೆಸ್ಟೆಂಟರು, ಜರ್ಮನಿಯತ್ತ ಹೋದ ಹಾದಿ ಅವುಗಳಲ್ಲಿ ಒಂದು. ಆದರೆ ಮೊದಲ ಬಾರಿಗೆ ಕೈಹಾಕುವವರಿಗೆ ನಾನು ಸೂಚಿಸುವುದು ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟಸಾಲಿನ ಪೂರ್ವ ತುದಿಯನ್ನು. ಬೆಟ್ಟಗಳು ಅಲ್ಲಿ ತಗ್ಗಾಗಿ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುತ್ತವೆ. ದೂರಗಳು ಕಡಿಮೆ, ರೈಲು ಸಂಪರ್ಕವಿದೆ. ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು: 1939ರ ಆರಂಭದಲ್ಲಿ ಸ್ಪೇನಿನಿಂದ ಫ್ರಾನ್ಸಿಗೆ ಲಕ್ಷಾಂತರ ಜನರು ಉತ್ತರಾಭಿಮುಖವಾಗಿ ದಾಟಿದ ಈ ಬೆಟ್ಟಗಳನ್ನೇ, ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ, ಜರ್ಮನಿ ಮತ್ತು ಆಸ್ಟ್ರಿಯಾದಿಂದ ಬಂದ ಮತ್ತೊಂದು ಜನಸಮೂಹ ಫ್ರಾನ್ಸಿನಿಂದ ಸ್ಪೇನಿಗೆ ದಕ್ಷಿಣಾಭಿಮುಖವಾಗಿ ದಾಟಬೇಕಾಯಿತು. ಆಶ್ರಯವೆಂದು ಓಡಿ ಬಂದ ದೇಶವೇ ತಪ್ಪಿಸಿಕೊಳ್ಳಬೇಕಾದ ದೇಶವಾದದ್ದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಇಡೀ ಪ್ರವಾಸವನ್ನು ಕಟ್ಟಬಹುದು. ನಡೆಯುವ ದಿಕ್ಕನ್ನು ಅದಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು. ಸೌಕರ್ಯಕ್ಕಾಗಿ ದಿಕ್ಕು ಬದಲಿಸಿದರೆ ಪಾಠವೇ ಕೆಡುತ್ತದೆ.

ಹದಿನಾಲ್ಕು ವರ್ಷ ಮೇಲ್ಪಟ್ಟ ವಿದ್ಯಾರ್ಥಿಗಳಿಗೆ ನಾಲ್ಕು ದಿನಗಳ ಪ್ರವಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಬರೆದಿದ್ದೇನೆ.

1. ಮೊದಲು ಪದಗಳನ್ನು ಖಚಿತಪಡಿಸಿಕೊಳ್ಳಿ

ಕನ್ನಡದಲ್ಲಿ ಪಾಠ ಹೇಳುವವರಿಗೆ ಇಲ್ಲೊಂದು ಅನುಕೂಲವೂ ಇದೆ, ತೊಡಕೂ ಇದೆ. ಸರ್ಕಾರದ ಆಜ್ಞೆಯಿಂದ ಹೊರಗಟ್ಟಿಸಿಕೊಂಡವನದು ಗಡೀಪಾರು. ಹೊಟ್ಟೆಪಾಡಿಗೆ ಊರು ಬಿಟ್ಟವನದು ವಲಸೆ. ಬರಗಾಲಕ್ಕೆ ಅಂಜಿ ಹೊರಟು ಮಳೆ ಬಂದಾಗ ಮರಳುವವರದು ಗುಳೆ. ಜೀವಭಯದಿಂದ ಗಡಿ ದಾಟಿ ಇನ್ನೊಂದು ದೇಶದ ರಕ್ಷಣೆ ಬೇಡುವವನು ನಿರಾಶ್ರಿತ. ತನ್ನ ದೇಶದಲ್ಲಿ ಇರಲಾರದೆ, ಹಿಂದಿರುಗಲಾರದೆ ಹೊರಗೇ ಉಳಿದವನು ದೇಶಭ್ರಷ್ಟ. ನೀವು ನಡೆಯಲಿರುವ ಹಾದಿಯಲ್ಲಿ ಕೊನೆಯ ಎರಡು ಪದಗಳೇ ಹೆಚ್ಚು ಬಳಕೆಯಾಗುತ್ತವೆ. ಇವನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸದಂತೆ ವಿದ್ಯಾರ್ಥಿಗಳಿಗೆ ಮೊದಲ ದಿನವೇ ತಿಳಿಸಿರಿ.

ಸ್ಥಳೀಯ ಪದಗಳಲ್ಲಿ ಮೂರು ಸಾಕು. ‘ರೆತಿರಾದಾ’ ಎಂದರೆ ಹಿಮ್ಮೆಟ್ಟುವಿಕೆ. ಮೂಲದಲ್ಲಿ ಸೈನ್ಯಕ್ಕೆ ಸಲ್ಲುವ ಈ ಪದ ಇಂದು 1939ರ ಇಡೀ ಜನಪ್ರವಾಹಕ್ಕೆ ಹೆಸರಾಗಿದೆ. ‘ಕೋಲ್’ ಎಂದರೆ ಎರಡು ಶಿಖರಗಳ ನಡುವೆ ಬೆಟ್ಟಸಾಲು ತಗ್ಗಾಗಿ ದಾಟಲು ಎಡೆಕೊಡುವ ಜಾಗ. ‘ತ್ರಮುಂತಾನಾ’ ಎಂಬುದು ಉತ್ತರದಿಂದ ಬೀಸುವ ಶುಷ್ಕ ಬಿರುಗಾಳಿ. ಇದರ ಮಾತು ಹವಾಮಾನದ ಹಂತದಲ್ಲಿ ಮತ್ತೆ ಬರುತ್ತದೆ.

ಒಂದು ಎಚ್ಚರಿಕೆ. 1939ರಲ್ಲಿ ಸ್ಪೇನಿನ ನಿರಾಶ್ರಿತರನ್ನು ಕೂಡಿಹಾಕಿದ ಶಿಬಿರಗಳನ್ನು ಫ್ರೆಂಚ್ ಅಧಿಕಾರಿಗಳೇ ‘ಕಾನ್ಸಂಟ್ರೇಷನ್ ಕ್ಯಾಂಪ್’ ಎಂದು ಕರೆಯುತ್ತಿದ್ದರು. ವಿದ್ಯಾರ್ಥಿಗಳು ಇದನ್ನು ಕೇಳಿದ ಕೂಡಲೇ ನಾಜಿಗಳ ಸಾಮೂಹಿಕ ಹತ್ಯೆಯ ಶಿಬಿರಗಳನ್ನು ನೆನೆಯುತ್ತಾರೆ. ಎರಡೂ ಒಂದೇ ಅಲ್ಲ ಎಂದು ವಿವರಿಸಬೇಕು. ಹಾಗೆಂದು ಇವುಗಳ ನಡುವೆ ಸಂಬಂಧವೇ ಇರಲಿಲ್ಲ ಎಂಬ ಭಾವನೆಯನ್ನೂ ಉಳಿಸಬಾರದು. ದಕ್ಷಿಣ ಫ್ರಾನ್ಸಿನ ಪೆರ್ಪಿನ್ಯಾನ್ ನಗರದ ಬಳಿಯ ರಿವ್‌ಸಾಲ್ಟ್ ಶಿಬಿರದಿಂದ 1942ರ ಆಗಸ್ಟ್ ಮತ್ತು ಅಕ್ಟೋಬರ್ ನಡುವೆ ಎರಡು ಸಾವಿರಕ್ಕೂ ಹೆಚ್ಚು ಯಹೂದ್ಯರನ್ನು ಪ್ಯಾರಿಸ್ ಸಮೀಪದ ದ್ರಾನ್ಸಿಯ ಮೂಲಕ ನಾಜಿಗಳ ಹತ್ಯಾಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಲಾಯಿತು.

2. ತರಗತಿಯಲ್ಲಿ ಎರಡು ವಾರಗಳ ಸಿದ್ಧತೆ

ಮೊದಲ ವಾರ ಸ್ಪೇನಿನ ಅಂತರ್ಯುದ್ಧಕ್ಕೆ ಮೀಸಲಿರಲಿ. 1936ರ ಜುಲೈಯಲ್ಲಿ ಸೈನ್ಯದ ಒಂದು ಭಾಗ ಚುನಾಯಿತ ಗಣರಾಜ್ಯದ ವಿರುದ್ಧ ದಂಗೆಯೆದ್ದದ್ದು, ದಂಗೆಕೋರರ ನಾಯಕ ಫ್ರಾಂಕೋ ಪಡೆಗೆ ಜರ್ಮನಿ ಮತ್ತು ಇಟಲಿ ನೆರವಾದದ್ದು, 1939ರ ಜನವರಿ 26ರಂದು ಬಾರ್ಸಿಲೋನಾ ಬಿದ್ದದ್ದು, ಫ್ರಾನ್ಸ್ ಜನವರಿ 27ರ ರಾತ್ರಿ ನಾಗರಿಕರಿಗೂ ಫೆಬ್ರವರಿ 5ರಿಂದ ಸೈನಿಕರಿಗೂ ಗಡಿ ತೆರೆದದ್ದು, ಹೀಗೆ ಕಾಲಾನುಕ್ರಮವನ್ನು ಗೋಡೆಯ ಮೇಲೆ ಅಂಟಿಸಿರಿ. ಎರಡು ವಾರಗಳ ಅವಧಿಯಲ್ಲಿ 4.5 ಲಕ್ಷಕ್ಕೂ ಹೆಚ್ಚು ಜನರು ದಾಟಿದರು ಎಂಬ ಸಂಖ್ಯೆ ಅದರ ಪಕ್ಕದಲ್ಲೇ ಇರಲಿ.

ಎರಡನೆಯ ವಾರದ ವಿಷಯ 1940. ಇಲ್ಲಿ ಬೆಟ್ಟಕ್ಕಿಂತ ಮುಖ್ಯವಾದದ್ದು ಕಾಗದ. ಜೂನ್ 22ರಂದು, ಯುದ್ಧದಲ್ಲಿ ಸೋತ ಫ್ರಾನ್ಸ್ ಜರ್ಮನಿಯೊಡನೆ ಮಾಡಿಕೊಂಡ ಕದನವಿರಾಮ ಒಪ್ಪಂದದ 19ನೆಯ ವಿಧಿಯ ಪ್ರಕಾರ, ಜರ್ಮನಿ ಹೆಸರಿಸಿ ಕೇಳಿದ ಜರ್ಮನ್ನರನ್ನು ಫ್ರಾನ್ಸ್ ಒಪ್ಪಿಸಬೇಕಿತ್ತು. ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಂಡು ಫ್ರಾನ್ಸಿನಲ್ಲಿ ಆಶ್ರಯ ಪಡೆದಿದ್ದ ಬರಹಗಾರರು, ಕಲಾವಿದರು, ರಾಜಕೀಯ ಕಾರ್ಯಕರ್ತರೆಲ್ಲ ಹೀಗೆ ಬೋನಿಗೆ ಬಿದ್ದಂತಾಯಿತು. ಹೊರಹೋಗಲು ಅಮೆರಿಕದಂತಹ ದೂರದೇಶದ ಪ್ರವೇಶ ವೀಸಾ ಬೇಕು; ಅದನ್ನು ತೋರಿಸಿದರೆ ಪೋರ್ಚುಗಲ್ ಹಾದುಹೋಗುವ ವೀಸಾ; ಅದನ್ನು ತೋರಿಸಿದರೆ ಸ್ಪೇನ್ ಹಾದುಹೋಗುವ ವೀಸಾ; ಇವೆಲ್ಲದರ ಜೊತೆಗೆ ಫ್ರಾನ್ಸ್ ಬಿಟ್ಟು ಹೋಗಲು ಫ್ರೆಂಚ್ ಸರ್ಕಾರದ ನಿರ್ಗಮನ ವೀಸಾ. ಕೊನೆಯದಕ್ಕೆ ಅರ್ಜಿ ಹಾಕುವುದೆಂದರೆ ತಾನು ಎಲ್ಲಿದ್ದೇನೆಂದು ತಾನೇ ಹೇಳಿಕೊಟ್ಟಂತೆ. ಬೆಟ್ಟ ಹತ್ತುವ ಅಗತ್ಯ ಹುಟ್ಟಿದ್ದೇ ಈ ಒಂದು ಕಾಗದದ ಕೊರತೆಯಿಂದ.

ಈ ನಾಲ್ಕು ಕಾಗದಗಳನ್ನು ಚೀಟಿಗಳಲ್ಲಿ ಬರೆದು, ಪ್ರತಿಯೊಂದಕ್ಕೂ ನೀವೇ ಒಂದು ಅವಧಿಯನ್ನು ಗೊತ್ತುಮಾಡಿ, ಯಾವುದನ್ನು ಮೊದಲು ಪಡೆಯಬೇಕು, ಒಂದರ ಅವಧಿ ಮುಗಿದರೆ ಉಳಿದವು ಏನಾಗುತ್ತವೆ ಎಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿರಿ. ಒಂದು ತರಗತಿಯ ಅವಧಿ ಇದಕ್ಕೆ ಸಾಕಾಗುವುದಿಲ್ಲ, ಎರಡು ಇಟ್ಟುಕೊಳ್ಳಿ.

3. ನಿಮ್ಮ ಗುಂಪಿನ ಕಾಗದಪತ್ರಗಳು

ಫ್ರಾನ್ಸ್ ಮತ್ತು ಸ್ಪೇನ್ ಎರಡೂ ಷೆಂಗೆನ್ ವಲಯಕ್ಕೆ, ಅಂದರೆ ಒಂದೇ ವೀಸಾದ ಮೇಲೆ ಓಡಾಡಬಹುದಾದ ಯುರೋಪಿನ ದೇಶಗಳ ಒಕ್ಕೂಟಕ್ಕೆ ಸೇರಿವೆ. ಭಾರತದಿಂದ ಬರುವ ಗುಂಪು ಹೆಚ್ಚು ದಿನ ತಂಗುವ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶದ್ದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಚಾರಣದಲ್ಲಿ ಬಿದ್ದವರನ್ನು ಬೆಟ್ಟದಿಂದ ಕೆಳಗಿಳಿಸುವ ವೆಚ್ಚ ಆ ವಿಮೆಯಲ್ಲಿ ಸೇರಿದೆಯೇ ಎಂದು ಪ್ರತ್ಯೇಕವಾಗಿ ಕೇಳಿ ಬರಹದಲ್ಲಿ ಪಡೆಯಿರಿ. ಹದಿನೆಂಟು ತುಂಬದ ಪ್ರತಿಯೊಬ್ಬರಿಗೂ ತಂದೆತಾಯಿಯರಿಬ್ಬರ ಸಹಿಯುಳ್ಳ ಒಪ್ಪಿಗೆ ಪತ್ರ ಬೇಕು.

ಇಲ್ಲಿ ಅನೇಕರು ಎಡವುವ ಜಾಗ ಎರಡು. ಬೆಟ್ಟದ ಮೇಲಿನ ಗಡಿಯಲ್ಲಿ ಒಂದು ಗುರುತುಕಲ್ಲಿನ ಹೊರತು ಏನೂ ಇಲ್ಲವೆಂದು ಪಾಸ್‌ಪೋರ್ಟುಗಳನ್ನು ವಸತಿಗೃಹದಲ್ಲೇ ಬಿಟ್ಟು ಹೊರಡುವುದು ಮೊದಲನೆಯದು. ಮರಳುವಾಗ ರೈಲಿನಲ್ಲಿ, ಮುಖ್ಯವಾಗಿ ಫ್ರಾನ್ಸಿನ ಗಡಿಯೂರು ಸೆರ್ಬೇರ್ ನಿಲ್ದಾಣದ ಆಸುಪಾಸಿನಲ್ಲಿ, ಫ್ರೆಂಚ್ ಪೊಲೀಸರು ದಾಖಲೆ ಕೇಳುವುದುಂಟು. ಯುರೋಪಿನಲ್ಲೇ ವಾಸವಿರುವ ಮಕ್ಕಳು ಕೂಡ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿಯನ್ನು ಮೈಮೇಲೆ ಇಟ್ಟುಕೊಂಡೇ ನಡೆಯಬೇಕು. ಎರಡನೆಯದು, ಹೇಗೂ ಹತ್ತಿರವಿದೆ ಎಂದು ಪಿರೆನೀಸ್ ನಡುವಿನ ಪುಟ್ಟ ದೇಶ ಅಂಡೋರಾಕ್ಕೆ ಒಂದು ದಿನದ ಪ್ರವಾಸ ಸೇರಿಸುವುದು. ಅಂಡೋರಾ ಷೆಂಗೆನ್ ವಲಯದಲ್ಲಿಲ್ಲ. ಒಂದೇ ಪ್ರವೇಶದ ವೀಸಾ ಹೊಂದಿದವರು ಅಲ್ಲಿಗೆ ಹೋದರೆ ಮರಳಿ ಬರಲು ತೊಂದರೆಯಾಗುತ್ತದೆ.

4. ಕಾಲ, ಗಾಳಿ, ಸಾಮಾನು

ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ಕಾಲ ಒಳ್ಳೆಯದು. ಮೂಲ ಘಟನೆ ನಡೆದದ್ದು ಚಳಿಗಾಲದಲ್ಲಿ, ಆದ್ದರಿಂದ ಮಕ್ಕಳೂ ಆ ಚಳಿಯನ್ನು ಅನುಭವಿಸಲಿ ಎಂದು ಫೆಬ್ರವರಿಯಲ್ಲಿ ಹೊರಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬುತ್ತಿ ಕಟ್ಟಿಕೊಂಡು, ಸಂಜೆಗೆ ಬಿಸಿನೀರಿನ ಸ್ನಾನ ಕಾದಿದೆ ಎಂದು ಗೊತ್ತಿದ್ದು ನಡೆಯುವವರು ನಿರಾಶ್ರಿತರ ಸಂಕಟವನ್ನು ಅನುಭವಿಸಿದೆವು ಎಂದುಕೊಳ್ಳುವುದು ತಪ್ಪು ಕಲಿಕೆ. ಹಸಿವಿನ ನಟನೆ, ಕಣ್ಣಿಗೆ ಬಟ್ಟೆ ಕಟ್ಟುವ ಆಟ, ಪೊಲೀಸರ ವೇಷ ಇವು ಯಾವುವೂ ಬೇಡ. ಗುಂಪಿನಲ್ಲಿ ಯಾರಾದರೂ ನಿಜವಾಗಿಯೇ ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬದವರಿದ್ದರೆ ಇಂತಹ ಆಟಗಳು ಕ್ರೂರವೂ ಆಗುತ್ತವೆ.

ಬೇಸಿಗೆಯನ್ನು ಬಿಡಬೇಕಾದದ್ದು ಬಿಸಿಲಿಗಾಗಿ ಮಾತ್ರವಲ್ಲ. ಈ ಬೆಟ್ಟಗಳ ಮೇಲೆ ಕುರುಚಲು ಕಾಡು ಬೇಗ ಹೊತ್ತಿಕೊಳ್ಳುತ್ತದೆ. 2023ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ಕಡೆಯೂ ಸ್ಪೇನಿನ ಪೋರ್ಟ್‌ಬೌ ಕಡೆಯೂ ಕಾಡ್ಗಿಚ್ಚು ಬಿದ್ದಿತ್ತು. ಅಪಾಯ ಹೆಚ್ಚಿದ ದಿನಗಳಲ್ಲಿ ಆಡಳಿತ ಹಾದಿಗಳನ್ನು ಮುಚ್ಚುತ್ತದೆ. ಹಿಂದಿನ ಸಂಜೆ ಪ್ರವಾಸಿ ಮಾಹಿತಿ ಕಚೇರಿಯಲ್ಲಿ ವಿಚಾರಿಸಿರಿ. ತ್ರಮುಂತಾನಾ ಜೋರಾಗಿ ಬೀಸುವ ಮುನ್ಸೂಚನೆ ಇದ್ದರೆ ಆ ದಿನದ ನಡಿಗೆಯನ್ನು ರದ್ದುಮಾಡಿ ವಸ್ತುಸಂಗ್ರಹಾಲಯಕ್ಕೆ ಹೋಗಿರಿ. ಬೆಟ್ಟದ ನೆತ್ತಿಯಲ್ಲಿ ಆ ಗಾಳಿ ದೊಡ್ಡವರನ್ನೂ ತೂರಾಡಿಸುತ್ತದೆ.

ತಲೆಗೆ ಕನಿಷ್ಠ ಎರಡೂವರೆ ಲೀಟರ್ ನೀರು, ಹಿಡಿತವಿರುವ ಬೂಟು, ಟೋಪಿ, ಗಾಳಿತಡೆ ಜಾಕೆಟ್, ಫ್ರೆಂಚ್ ಭೂಮಾಪನ ಸಂಸ್ಥೆ ಐಜಿಎನ್ ಮುದ್ರಿಸುವ 1:25,000 ಪ್ರಮಾಣದ ನಕ್ಷೆ. ಹಾದಿಯ ಬುಗ್ಗೆಗಳನ್ನು ನಂಬಬೇಡಿ. ನಮ್ಮ ಮೊದಲ ಪ್ರವಾಸದಲ್ಲಿ ನಕ್ಷೆಯಲ್ಲಿ ಕಂಡ ಬುಗ್ಗೆಯ ಭರವಸೆಯ ಮೇಲೆ ಬಾಟಲಿಗಳನ್ನು ಅರ್ಧ ತುಂಬಿಸಿ ಹೊರಟು, ಅದು ಒಣಗಿದ್ದನ್ನು ಕಂಡು ಮರಳಿ ಇಳಿಯಬೇಕಾಯಿತು. ಹತ್ತು ವಿದ್ಯಾರ್ಥಿಗಳಿಗೆ ಇಬ್ಬರು ಹಿರಿಯರಿರಲಿ, ಒಬ್ಬರು ಮುಂದೆ, ಒಬ್ಬರು ಕಟ್ಟಕಡೆಯಲ್ಲಿ. ತುರ್ತು ಕರೆಯ ಸಂಖ್ಯೆ ಎರಡೂ ದೇಶಗಳಲ್ಲಿ 112.

5. 1939ರ ಹಾದಿ: ದಕ್ಷಿಣದಿಂದ ಉತ್ತರಕ್ಕೆ

ಮೊದಲ ದಿನ ಸ್ಪೇನಿನ ಗಡಿಯೂರು ಲಾ ಜುಂಕೇರಾದಲ್ಲಿರುವ ದೇಶಭ್ರಷ್ಟರ ಸ್ಮಾರಕ ವಸ್ತುಸಂಗ್ರಹಾಲಯದಿಂದ ಆರಂಭಿಸಿರಿ. ಅಲ್ಲಿಂದ ವಾಹನದಲ್ಲಿ ಲಾ ವಜೋಲ್ ಎಂಬ ಪುಟ್ಟ ಹಳ್ಳಿಗೆ ಬಂದು, ಕೋಲ್ ದೆ ಲಿ ಮೂಲಕ ಫ್ರಾನ್ಸಿನ ಲಾಸ್ ಇಲ್ಲಾಸ್ ಹಳ್ಳಿಗೆ ಇಳಿಯುವುದು ಅರ್ಧ ದಿನದ ನಡಿಗೆ. ಫೆಬ್ರವರಿ 5ರ ನಸುಕಿನಲ್ಲಿ ಸ್ಪೇನಿನ ಗಣರಾಜ್ಯದ ಅಧ್ಯಕ್ಷ ಮಾನುವೆಲ್ ಅಸಾನ್ಯಾ ದೇಶ ಬಿಟ್ಟದ್ದು ಇದೇ ಹಾದಿಯಲ್ಲಿ. ಮುಂದಿನ ಕಾರೊಂದು ಕೆಟ್ಟು ನಿಂತದ್ದರಿಂದ ಅವರು ಹಿಮಗಟ್ಟಿದ ನೆಲದ ಮೇಲೆ ಕಾಲ್ನಡಿಗೆಯಲ್ಲೇ ಗಡಿ ದಾಟಿದರು. ಅವರು 1940ರ ನವೆಂಬರಿನಲ್ಲಿ ಫ್ರಾನ್ಸಿನಲ್ಲೇ ತೀರಿಕೊಂಡರು. ಅದೇ ದಿನ ಹತ್ತಿರದ ಇನ್ನೊಂದು ಕೋಲ್ ದಾಟಿದ ಕ್ಯಾಟಲೋನಿಯಾದ ಅಧ್ಯಕ್ಷ ಲ್ಯುಯಿಸ್ ಕೊಂಪಾನಿಸ್ ಅವರನ್ನು ಜರ್ಮನ್ನರು ಫ್ರಾನ್ಸಿನಲ್ಲಿ ಹಿಡಿದು ಫ್ರಾಂಕೋ ಕೈಗೆ ಒಪ್ಪಿಸಿದರು. 1940ರ ಅಕ್ಟೋಬರ್ 15ರಂದು ಬಾರ್ಸಿಲೋನಾದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಗಡಿ ದಾಟಿದ ಮಾತ್ರಕ್ಕೆ ಪಾರಾದಂತಲ್ಲ ಎಂಬುದು ವಿದ್ಯಾರ್ಥಿಗಳಿಗೆ ತಿಳಿಯಲು ಈ ಎರಡು ಜೀವನಗಳು ಸಾಕು.

ಆದರೆ ಅಧ್ಯಕ್ಷರ ಕತೆಯಲ್ಲೇ ನಿಂತುಬಿಡುವುದು ಇಲ್ಲಿನ ಸಾಮಾನ್ಯ ದೋಷ. ಲಾ ವಜೋಲಿನಲ್ಲಿ ಒಬ್ಬ ಗಂಡಸು ಕಾಲು ಕಳೆದುಕೊಂಡ ಪುಟ್ಟ ಹುಡುಗಿಯ ಕೈಹಿಡಿದು ನಡೆಯುವ ಶಿಲ್ಪವಿದೆ, ಆ ದಿನಗಳ ಪ್ರಸಿದ್ಧ ಛಾಯಾಚಿತ್ರವೊಂದನ್ನು ಆಧರಿಸಿ ಮಾಡಿದ್ದು. ನಡಿಗೆಯನ್ನು ಆ ಶಿಲ್ಪದ ಎದುರಿನಿಂದ ಆರಂಭಿಸಿರಿ, ಅಧ್ಯಕ್ಷರ ವಿಷಯವನ್ನು ಕೋಲ್ ಮೇಲೆ ಹೇಳಿರಿ.

ಎರಡನೆಯ ದಿನ ನಡಿಗೆ ಬೇಡ. ಬಸ್ಸಿನಲ್ಲಿ ಮೂರು ಜಾಗ. ಆರ್ಜೆಲೆಸ್ ಕಡಲತೀರದಲ್ಲಿ, ಇಂದು ಪ್ರವಾಸಿಗರು ಬಿಸಿಲು ಕಾಯಿಸುವ ಮರಳಿನ ಮೇಲೆ, 1939ರ ಫೆಬ್ರವರಿಯಲ್ಲಿ ಮುಳ್ಳುತಂತಿ ಇತ್ತು, ಸೂರಿರಲಿಲ್ಲ. ಜನರು ಮರಳಿನಲ್ಲಿ ಗುಂಡಿ ತೋಡಿಕೊಂಡು ಮಲಗಿದರು. ಎಲ್ನ್ ಊರಿನ ಹೊರಗಿನ ದೊಡ್ಡ ಮನೆಯೊಂದರಲ್ಲಿ ಎಲಿಜಬೆತ್ ಐಡೆನ್‌ಬೆನ್ಜ್ ಎಂಬ ಸ್ವಿಸ್ ಯುವತಿ ನಡೆಸಿದ ಹೆರಿಗೆ ಆಸ್ಪತ್ರೆಯಲ್ಲಿ 1939 ಮತ್ತು 1944ರ ನಡುವೆ 597 ಮಕ್ಕಳು ಹುಟ್ಟಿದರು. ಶಿಬಿರಗಳಲ್ಲಿ ಹುಟ್ಟಿದ್ದರೆ ಅವರಲ್ಲಿ ಅನೇಕರು ಉಳಿಯುತ್ತಿರಲಿಲ್ಲ. ಕೊಲಿಯೂರ್‌ನಲ್ಲಿ ಸ್ಪೇನಿನ ಕವಿ ಅಂತೋನಿಯೊ ಮಚಾದೊ ಅವರ ಸಮಾಧಿಯಿದೆ. ಗಡಿ ದಾಟಿ ತಿಂಗಳು ತುಂಬುವ ಮೊದಲೇ, 1939ರ ಫೆಬ್ರವರಿ 22ರಂದು ಅವರು ತೀರಿಕೊಂಡರು. ಮೂರು ದಿನಗಳ ಬಳಿಕ ಅವರ ತಾಯಿಯೂ. ಸಮಾಧಿಯ ಬಳಿ ಓದುಗರು ಕವಿಗೆ ಬರೆದ ಪತ್ರಗಳನ್ನು ಹಾಕುವ ಅಂಚೆಪೆಟ್ಟಿಗೆ ಇದೆ. ಪತ್ರ ಬರೆಯಲೇಬೇಕೆಂದು ಮಕ್ಕಳನ್ನು ಒತ್ತಾಯಿಸಬೇಡಿ, ಕಾಗದ ಮತ್ತು ಪೆನ್ನು ನಿಮ್ಮ ಚೀಲದಲ್ಲಿರಲಿ.

6. 1940ರ ಹಾದಿ: ಬಾನ್ಯುಲ್ಸ್‌ನಿಂದ ಪೋರ್ಟ್‌ಬೌಗೆ

ಮೂರನೆಯ ದಿನದ್ದು ಈ ಪ್ರವಾಸದ ಮುಖ್ಯ ನಡಿಗೆ. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಅವರ ಹೆಸರಿನಲ್ಲಿ ಗುರುತಿಸಿರುವ ಈ ಹಾದಿ ಸುಮಾರು 15 ಕಿ.ಮೀ. ಉದ್ದವಿದ್ದು, ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರಕ್ಕೆ ಏರಿ ಮತ್ತೆ ಸಮುದ್ರಮಟ್ಟಕ್ಕೆ ಇಳಿಯುತ್ತದೆ. ವಿದ್ಯಾರ್ಥಿಗಳ ಗುಂಪಿಗೆ ನಿಲುಗಡೆಗಳೂ ಸೇರಿ ಏಳರಿಂದ ಎಂಟು ಗಂಟೆ ಬೇಕು. ಬೆಳಗಿನ ಏಳಕ್ಕೇ ಹೊರಡಿರಿ. ನಡುವೆ ಅಂಗಡಿ ಇಲ್ಲ.

ಊರಿನಿಂದ ಹೊರಬೀಳುವಾಗಲೇ ಒಂದು ಮೋಸವಿದೆ. ಪಿರೆನೀಸ್ ಉದ್ದಕ್ಕೂ ಅಟ್ಲಾಂಟಿಕ್ ತೀರದವರೆಗೆ ಹೋಗುವ ಜಿಆರ್ 10 ಎಂಬ ದೂರದ ಚಾರಣಪಥ ಕೂಡ ಬಾನ್ಯುಲ್ಸ್‌ನಲ್ಲೇ ಶುರುವಾಗುತ್ತದೆ. ಅದರ ಕೆಂಪು–ಬಿಳಿ ಪಟ್ಟೆಗಳನ್ನು ಹಿಡಿದು ಹೋದವರು ಬೇರೆಯೇ ಬೆಟ್ಟದ ಮೇಲೆ ಇರುತ್ತಾರೆ. ನೀವು ಪುಯಿಗ್ ದೆಲ್ ಮಾಸ್ ಎಂಬ ಹಳೆಯ ಕೇರಿಯನ್ನು ಹಾದು ದ್ರಾಕ್ಷಿತೋಟಗಳ ನಡುವೆ ಏರಬೇಕು.

ನಡೆಯುವಾಗ ಪಾಠ ಹೇಳಬೇಡಿ. ಸಾಲಿನ ಹಿಂದಿನವರಿಗೆ ಕೇಳಿಸುವುದಿಲ್ಲ, ಮುಂದಿನವರು ಎಡವುತ್ತಾರೆ. ಕೆಳಗಿನ ನಿಲುಗಡೆಗಳಲ್ಲಿ ಹತ್ತು ಹತ್ತು ನಿಮಿಷ ಮಾತ್ರ ಮಾತಾಡಿರಿ.

ದ್ರಾಕ್ಷಿತೋಟದ ಬಳಿ: ಬಾನ್ಯುಲ್ಸ್ ಮೇಯರ್ ಆಗಿದ್ದ ಅಜೆಮಾ ಈ ಹಾದಿಯನ್ನು ಲೀಸಾ ಫಿಟ್ಕೊ ಎಂಬ ಜರ್ಮನ್ ನಿರಾಶ್ರಿತೆಗೆ ತೋರಿಸಿಕೊಟ್ಟದ್ದು, ಅದನ್ನೇ 1939ರಲ್ಲಿ ಗಣರಾಜ್ಯದ ಸೇನಾನಿ ಲೀಸ್ತರ್ ಅವರ ಪಡೆ ಎದುರು ದಿಕ್ಕಿನಲ್ಲಿ ಬಳಸಿತ್ತೆಂಬ ಮಾತು, ಬೆಳಗಿನ ಜಾವ ತೋಟದ ಕೂಲಿಗಳ ಜೊತೆ ಬೆರೆತು, ಮಾತಾಡದೆ, ಹೆಚ್ಚು ಸಾಮಾನಿಲ್ಲದೆ ಹೊರಡಬೇಕೆಂಬ ಸಲಹೆ. ಲೀಸಾ ಮತ್ತು ಅವರ ಪತಿ ಹಾನ್ಸ್ ಮುಂದಿನ ತಿಂಗಳುಗಳಲ್ಲಿ ಅನೇಕರನ್ನು ಈ ಬೆಟ್ಟ ದಾಟಿಸಿದರು. ಮಾರ್ಸೇಯಲ್ಲಿದ್ದ ಅಮೆರಿಕನ್ ಪತ್ರಕರ್ತ ವೇರಿಯನ್ ಫ್ರೈ ಜನರನ್ನು ಅವರ ಬಳಿಗೆ ಕಳಿಸುತ್ತಿದ್ದರು.

ಏರಿನ ನಡುವಿನ ಬಯಲಿನಲ್ಲಿ: 48 ವರ್ಷದ ಬೆಂಜಮಿನ್ ಅವರಿಗೆ ಹೃದಯದ ಕಾಯಿಲೆ ಇತ್ತು. ಹತ್ತು ನಿಮಿಷ ನಡೆದು ಒಂದು ನಿಮಿಷ ನಿಲ್ಲುವ ಲೆಕ್ಕ ಹಾಕಿಕೊಂಡು ಏರಿದರು. ಹಿಂದಿನ ದಿನ ದಾರಿ ನೋಡಿಕೊಳ್ಳಲು ಬಂದಾಗ ಮತ್ತೆ ಇಳಿದು ಹತ್ತುವ ಶಕ್ತಿಯಿಲ್ಲವೆಂದು ಒಬ್ಬರೇ ರಾತ್ರಿಯನ್ನು ಬಯಲಲ್ಲೇ ಕಳೆದರು. ಇಲ್ಲಿ ಒಂದು ಪ್ರಶ್ನೆ ಕೇಳಿರಿ: ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ? ಬಹುಪಾಲು ಲೀಸಾ ಫಿಟ್ಕೊ ಅವರ ನೆನಪಿನಿಂದ, ಅದೂ ನಾಲ್ಕು ದಶಕಗಳ ಬಳಿಕ ಹೇಳಿದ್ದು. ಒಬ್ಬರೇ ಸಾಕ್ಷಿ, ಇಷ್ಟು ತಡವಾದ ಸಾಕ್ಷ್ಯ. ಇದನ್ನು ಎಷ್ಟರ ಮಟ್ಟಿಗೆ ನಂಬಬೇಕು, ಏಕೆ ನಂಬಬೇಕು ಎಂಬ ಚರ್ಚೆಯನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಬೆಳೆಸಿದರೂ ನಷ್ಟವಿಲ್ಲ.

ನೆತ್ತಿಯ ಮೇಲೆ: ಕೋಲ್ ದೆ ರುಂಪಿಸಾ ತಲುಪಿದಾಗ ಮಾತು ಬೇಡ. ಹಿಂದೆ ಫ್ರಾನ್ಸಿನ ಕರಾವಳಿ, ಮುಂದೆ ಸ್ಪೇನಿನ ಕರಾವಳಿ ಕಾಣುತ್ತವೆ. ತರಗತಿಯಲ್ಲಿ ಮಾಡಿದ ಚೀಟಿಗಳನ್ನು ಇಲ್ಲಿ ಹೊರಗೆ ತೆಗೆಸಿರಿ. ಬೆಂಜಮಿನ್ ಅವರ ಬಳಿ ಮೂರು ವೀಸಾಗಳಿದ್ದವು, ನಾಲ್ಕನೆಯ ಕಾಗದ ಇರಲಿಲ್ಲ.

7. ಪೋರ್ಟ್‌ಬೌ

ಇಳಿಜಾರು ಕಡಿದಾಗಿದೆ, ಕಲ್ಲು ಜಾರುತ್ತದೆ. ಹೆಚ್ಚಿನ ಪೆಟ್ಟುಗಳಾಗುವುದು ಇಲ್ಲೇ, ಏಕೆಂದರೆ ಊರು ಕಂಡ ಕೂಡಲೇ ಮಕ್ಕಳು ಓಡುತ್ತಾರೆ. ಹಿರಿಯರೊಬ್ಬರು ಮುಂದೆ ನಿಂತು ವೇಗವನ್ನು ಹಿಡಿದಿಡಬೇಕು.

1940ರ ಸೆಪ್ಟೆಂಬರ್ 26ರಂದು ಪೋರ್ಟ್‌ಬೌ ತಲುಪಿದ ಬೆಂಜಮಿನ್ ಮತ್ತು ಅವರ ಜೊತೆಗಾರರಿಗೆ, ಫ್ರಾನ್ಸಿನ ನಿರ್ಗಮನ ಮುದ್ರೆ ಇಲ್ಲದ್ದರಿಂದ ಮರುದಿನ ವಾಪಸು ಕಳಿಸುವುದಾಗಿ ಸ್ಪ್ಯಾನಿಷ್ ಪೊಲೀಸರು ಹೇಳಿದರು. ಆ ರಾತ್ರಿ ಹೋಟೆಲಿನ ಕೋಣೆಯಲ್ಲಿ ಬೆಂಜಮಿನ್ ಮಾರ್ಫೀನ್ ಸೇವಿಸಿ ಪ್ರಾಣಬಿಟ್ಟರೆಂಬುದು ಬಹುಜನರು ಒಪ್ಪುವ ವಿವರಣೆ. ಆದರೆ ವೈದ್ಯರು ದಾಖಲೆಯಲ್ಲಿ ಬರೆದದ್ದು ಮಿದುಳಿನ ರಕ್ತಸ್ರಾವವೆಂದು. ಜೊತೆಗಿದ್ದ ಹೆನ್ನಿ ಗುರ್ಲಾಂಡ್ ಮತ್ತು ಅವರ ಮಗ ಕೊನೆಗೆ ಮುಂದೆ ಹೋಗಲು ಬಿಡುಗಡೆ ಪಡೆದರು. ಆತ್ಮಹತ್ಯೆಯ ವಿಷಯವನ್ನು ಬೆಟ್ಟದ ಮೇಲೆ ಮೊದಲ ಬಾರಿಗೆ ಹೇಳಬೇಡಿ. ತರಗತಿಯಲ್ಲೇ, ಪಾಲಕರಿಗೂ ಮೊದಲೇ ತಿಳಿಸಿ, ಶಾಂತವಾಗಿ ಹೇಳಿರಬೇಕು. ಅವರು ಹೊತ್ತು ತಂದ ಕಪ್ಪು ಚೀಲ, ಅದರಲ್ಲಿದ್ದ ಹಸ್ತಪ್ರತಿ ಎಲ್ಲಿ ಹೋಯಿತೆಂಬ ಪತ್ತೇದಾರಿಯಲ್ಲಿ ವಿದ್ಯಾರ್ಥಿಗಳು ಮುಳುಗಿಬಿಡುವುದುಂಟು. ಐದು ನಿಮಿಷ ಬಿಟ್ಟು ವಿಷಯಕ್ಕೆ ಮರಳಿಸಿರಿ.

ಸ್ಮಶಾನದ ಮುಂದೆ ಇಸ್ರೇಲಿ ಶಿಲ್ಪಿ ದಾನಿ ಕರವಾನ್ ರೂಪಿಸಿದ, 1994ರಲ್ಲಿ ಪೂರ್ಣಗೊಂಡ ಸ್ಮಾರಕವಿದೆ: ತುಕ್ಕುಬಣ್ಣದ ಉಕ್ಕಿನ ಸುರಂಗದೊಳಗೆ ಮೆಟ್ಟಿಲುಗಳು ಸಮುದ್ರದತ್ತ ಇಳಿದು ಒಂದು ಗಾಜಿಗೆ ಬಂದು ನಿಲ್ಲುತ್ತವೆ. ಗಾಜಿನ ಮೇಲಿರುವುದು ಹೆಸರಾಂತರ ಸ್ಮರಣೆಗಿಂತ ಹೆಸರಿಲ್ಲದವರ ಸ್ಮರಣೆ ಕಷ್ಟವಾದದ್ದು ಎಂಬರ್ಥದ ಬೆಂಜಮಿನ್ ಅವರ ಮಾತು. ಒಬ್ಬೊಬ್ಬರನ್ನೇ ಒಳಗೆ ಕಳಿಸಿರಿ.

ಬೆಟ್ಟ ಹತ್ತಲಾರದ ವಿದ್ಯಾರ್ಥಿಗಳನ್ನು ಈ ದಿನ ವಸತಿಗೃಹದಲ್ಲಿ ಕೂಡಿಸಬೇಡಿ. ಸೆರ್ಬೇರ್ ಮತ್ತು ಪೋರ್ಟ್‌ಬೌ ನಡುವಿನ ರಸ್ತೆ ಕೋಲ್ ದೆಲ್ಸ್ ಬೆಲಿತ್ರೆಸ್ ಎಂಬ ತಗ್ಗು ಕಣಿವೆಯ ಮೂಲಕ ಗಡಿ ದಾಟುತ್ತದೆ. 1939ರ ಜನಪ್ರವಾಹದ ಛಾಯಾಚಿತ್ರಗಳನ್ನು ಅಲ್ಲಿ ಬಯಲಲ್ಲೇ ನಿಲ್ಲಿಸಿದ್ದಾರೆ. ವಾಹನದಲ್ಲಿ ಬಂದು ನೋಡಬಹುದು.

ಪುಟ್ಟ ಊರಾದ ಪೋರ್ಟ್‌ಬೌಗೆ ಅಷ್ಟು ದೊಡ್ಡ ರೈಲು ನಿಲ್ದಾಣ ಏಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ಪೇನಿನ ಹಳಿಗಳ ನಡುವಿನ ಅಂತರ 1668 ಮಿ.ಮೀ., ಫ್ರಾನ್ಸಿನದು 1435. ಗಡಿಯಲ್ಲಿ ಎಲ್ಲರೂ ರೈಲು ಬದಲಿಸಬೇಕಿತ್ತು, ಹಾಗಾಗಿ ಕಾಗದ ತಪಾಸಣೆಯೂ ಇಲ್ಲೇ ನಡೆಯುತ್ತಿತ್ತು. (ನಮ್ಮ ಬ್ರಾಡ್ ಗೇಜ್ 1676, ಸ್ಪೇನಿನದಕ್ಕಿಂತ ಎಂಟೇ ಮಿಲಿಮೀಟರ್ ಹೆಚ್ಚು.)

8. ಮರಳಿದ ಮೇಲೆ

ನಾಲ್ಕನೆಯ ದಿನವನ್ನು ರಿವ್‌ಸಾಲ್ಟ್ ಸ್ಮಾರಕ ವಸ್ತುಸಂಗ್ರಹಾಲಯಕ್ಕೂ ಬರವಣಿಗೆಗೂ ಇಡಿರಿ. ‘ನನ್ನ ಅನುಭವ’ ಎಂಬ ಪ್ರಬಂಧ ಬರೆಸಿದರೆ ಬೂಟು ಕಚ್ಚಿದ್ದು ಮತ್ತು ಸೂರ್ಯಾಸ್ತ ಮಾತ್ರ ಬರುತ್ತವೆ. ಬದಲಿಗೆ ಪ್ರತಿಯೊಬ್ಬರಿಗೂ ಒಂದು ಜಾಗ ಮತ್ತು ಒಂದು ದಿನಾಂಕ ಕೊಡಿರಿ: ಆರ್ಜೆಲೆಸ್, ಫೆಬ್ರವರಿ 1939, ಪೋರ್ಟ್‌ಬೌ, ಸೆಪ್ಟೆಂಬರ್ 1940. ಆ ದಿನ ಅಲ್ಲಿಗೆ ಬಂದವನ ಕೈಯಲ್ಲಿ ಯಾವ ಕಾಗದ ಇತ್ತು, ಯಾವುದು ಇರಲಿಲ್ಲ, ಅದನ್ನು ಕೊಡುವ ಅಥವಾ ತಡೆಯುವ ಅಧಿಕಾರ ಯಾರದಾಗಿತ್ತು ಎಂಬ ಮೂರು ಪ್ರಶ್ನೆಗಳಿಗೆ ಎರಡು ಪುಟ ಮೀರದಂತೆ ಉತ್ತರಿಸಲಿ. ತಿದ್ದುವಾಗ ಭಾಷೆಯ ಸೊಗಸಿಗೆ ಅಂಕ ಕೊಡುವ ಮುನ್ನ, ಅವರು ಬರೆದ ಪ್ರತಿ ಸಂಗತಿ ಎಲ್ಲಿಂದ ಬಂತೆಂದು ಅಂಚಿನಲ್ಲಿ ಗುರುತಿಸಿದ್ದಾರೆಯೇ ನೋಡಿರಿ: ಫಲಕದಿಂದಲೋ, ವಸ್ತುಸಂಗ್ರಹಾಲಯದಿಂದಲೋ, ಅಥವಾ ಬೆಟ್ಟದ ಮೇಲೆ ನೀವು ಹೇಳಿದ್ದರಿಂದಲೋ.